ಎದುರುನೋಟ ಫಿಲ್ಟರ್

‘ಈ ಪ್ಲಗ್-ಇನ್ ತಯಾರಿಸಿದವರು ಯಾರೆಂದು ಗೊತ್ತಿಲ್ಲ. ಆದರೂ ಅಳವಡಿಸಬೇಕೆ?’ ಎಂದು ಕಂಪ್ಯೂಟರು ಕೇಳಿತು.

ನೀಲಾ ಫೋಟೋ ಸ್ಟುಡಿಯೋದ ಕಸ್ತೂರಿ ಹೊಂಬಳ ಹಿಂದೆಮುಂದೆ ನೋಡದೆ ‘ಹೌದು’ ಒತ್ತಿದಳು. ಗಜೇಂದ್ರಗಡದಂಥ ಊರಿನಲ್ಲಿ ಸ್ಟುಡಿಯೋ ನಡೆಸುವವರಿಗೆ ಇದೇನು ಹೊಸದಲ್ಲ. ಬಿಳಿಚಿದ ಆಕಾಶಕ್ಕೆ ಮೋಡ ಹಾಕುವ ಫಿಲ್ಟರ್, ಮೊಡವೆ ಅಳಿಸುವ ಫಿಲ್ಟರ್, ಬೋಳುತಲೆಯ ಮದುಮಗನಿಗೆ ಗುಂಗುರು ಕೂದಲು ಬೆಳೆಸುವ ಫಿಲ್ಟರ್ ಹೀಗೆ ಯಾರ್ಯಾರೋ ಎಲ್ಲೆಲ್ಲೋ ಕೂತು ಮಾಡಿದ್ದೆಲ್ಲ ಅವಳ ಪ್ಲಗ್-ಇನ್ ಫೋಲ್ಡರಿನಲ್ಲಿ ಸಂತೆ ನೆರೆದ ಹಾಗೆ ತುಂಬಿಕೊಂಡಿತ್ತು. ತಂತ್ರಾಂಶದ ಜೊತೆಗೇ ಬಂದ ಫಿಲ್ಟರುಗಳನ್ನು ಮಾತ್ರ ನಂಬಿ ಕೂತಿದ್ದರೆ ಅಂಗಡಿಗೆ ಎಂದೋ ಬೀಗ ಬೀಳುತ್ತಿತ್ತು.

“ಗುರುತಿಲ್ಲದವರದು ಹಾಕಬ್ಯಾಡ. ಕಂಪ್ಯೂಟರಿಗೆ ಜಡ್ಡು ಬರತೈತಿ,” ಎಂದ ಶಾಲೆಗೆ ಪಾಠ ಹೇಳಲು ಹೊರಟಿದ್ದ ಅವಳ ಗಂಡ, ಬುತ್ತಿಡಬ್ಬಿ ಚೀಲಕ್ಕೆ ತುರುಕುತ್ತ.

“ಗುರುತು ಇದ್ದವರು ಯಾರು ಇಂಥಾದ್ದು ಮಾಡ್ಯಾರ್ರಿ? ಮಾಡಿದ್ರ ಅವರದ ಹಾಕತಿದ್ದೆ,” ಎಂದಳು ಕಸ್ತೂರಿ.

ನಿಜ ಹೇಳಬೇಕೆಂದರೆ ಗುರುತು ಸ್ವಲ್ಪ ಇತ್ತು. ಧಾರವಾಡದ ಒಂದು ಬೆಳಕಿನ ಪ್ರಯೋಗಾಲಯದಲ್ಲಿ ಝರೀನಾ ಬೇಪಾರಿ ಎಂಬ ವಿಜ್ಞಾನಿ ಈ ಫಿಲ್ಟರ್ ಮಾಡಿದ್ದಳು. ಪರೀಕ್ಷೆ ಮಾಡಿ ನೋಡುವವರು ಬೇಕು ಎಂದು ಕಸ್ತೂರಿಯ ಜಿಲ್ಲೆಯ ಫೋಟೋಗ್ರಾಫರುಗಳ ಮೊಬೈಲ್ ಗುಂಪಿಗೆ ಕಳಿಸಿದ್ದಳು. ಉಳಿದವರೆಲ್ಲ ಅದರ ಕೆಳಗೆ ಶುಭೋದಯದ ಹೂವಿನ ಚಿತ್ರ ಹಾಕಿ ಸುಮ್ಮನಾದರು. ಕಸ್ತೂರಿ ಮಾತ್ರ ಇಳಿಸಿಕೊಂಡಳು. ಅದರ ಜೊತೆಗಿದ್ದ ವಿವರಣೆಯ ಒಂದು ಸಾಲನ್ನು ಅವಳು ಮತ್ತೆ ಮತ್ತೆ ಓದಿದ್ದಳು: ‘ಇದು ಫೋಟೋದಲ್ಲಿ ಇರುವವರನ್ನಲ್ಲ, ಫೋಟೋದಲ್ಲಿ ಇರುವವರು ಏನನ್ನು ನೋಡುತ್ತಿದ್ದರೋ ಅದನ್ನು ತೋರಿಸುತ್ತದೆ.’

ಫೈಲು ಫೋಲ್ಡರಿಗೆ ಹೋಯಿತು. ಫೋಟೋ ತಿದ್ದುವ ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆದಳು. ಫಿಲ್ಟರುಗಳ ಪಟ್ಟಿಯ ಕಟ್ಟಕಡೆಗೆ ‘ಎದುರುನೋಟ’ ಎಂಬ ಹೆಸರೇನೋ ಬಂದಿತ್ತು. ಆದರೆ ಅಕ್ಷರ ಬೂದುಬಣ್ಣದ್ದು, ಒತ್ತಿದರೆ ಒತ್ತಿಸಿಕೊಳ್ಳದು. ಕಸ್ತೂರಿ ಹಲ್ಲು ಕಡಿದಳು. ಆಮೇಲೆ ನೋಡಿದರೆ ತಪ್ಪು ಅವಳದೇ. ತೆರೆದಿಟ್ಟಿದ್ದ ಫೋಟೋ ಲಗ್ನಪತ್ರಿಕೆಯ ಅಚ್ಚಿಗಾಗಿ ನಾಲ್ಕು ಬಣ್ಣಕ್ಕೆ ಒಡೆದದ್ದು. ಫಿಲ್ಟರಿಗೆ ಬೇಕಾದದ್ದು ಪರದೆಯ ಮೂರು ಬಣ್ಣ. ಬದಲಿಸಿದ ಕೂಡಲೇ ಹೆಸರು ಕಪ್ಪಾಗಿ ಎದ್ದು ನಿಂತಿತು.

ಪರದೆಯ ಮೇಲಿದ್ದದ್ದು ಹಿಂದಿನ ವಾರ ತಾನೇ ತೆಗೆದ ಒಬ್ಬ ಮದುಮಗಳ ಮುಖ. ಒತ್ತಿದಳು. ಮದುಮಗಳು ಮಾಯವಾದಳು. ಕಲ್ಲುಪ್ಪು ಚೆಲ್ಲಿದಂಥ ಚುಕ್ಕಿಗಳು ಪರದೆಯ ತುಂಬ ಕುದಿದವು, ಒಂದರ ಪಕ್ಕ ಒಂದು ಕೂತವು. ನಿಧಾನಕ್ಕೆ ಒಂದು ಕೋಣೆ ಮೂಡಿತು. ಬಾಗಿಲು, ಬಾಗಿಲ ಆಚೆ ನಿಂತ ಯಾರದೋ ಬೈಕು, ಲೈಟಿನ ಕೊಡೆ, ಆ ಕೊಡೆಯ ಕೆಳಗೆ ಕ್ಯಾಮೆರಾ ಹಿಡಿದು ನಾಲಿಗೆ ಕಚ್ಚಿಕೊಂಡು ನಿಂತ ಒಬ್ಬ ದಪ್ಪ ಹೆಂಗಸು.

“ಯಪ್ಪಾ! ಲಗೂನ ಬಾ ಇಲ್ಲೆ!”

ಒಳಮನೆಯಿಂದ ಅವಳ ತಂದೆ ವಿರೂಪಾಕ್ಷಪ್ಪ ಓಡಿಬಂದರು. ಎಪ್ಪತ್ತೈದು ದಾಟಿದ್ದರೂ ಮಗಳು ಕೂಗಿದರೆ ಅವರ ಮೊಣಕಾಲು ನೋವು ಎಲ್ಲಿಗೋ ಹೋಗುತ್ತಿತ್ತು.

“ಏನಾತು? ಕರೆಂಟ್ ಹೊಡೀತೇನು?”

“ಇದನ್ನ ನೋಡು!”

“ಇದು ನೀನ ಅಲ್ಲನು? ನಾಲಿಗಿ ಯಾಕ ಕಚ್ಚಿಕೊಂಡಿ? ಯಾರು ತೆಗದಾರ?”

“ಯಾರೂ ತೆಗದಿಲ್ಲಪ. ಆ ಹುಡುಗಿ ಕಣ್ಣಾಗಿಂದ ಬಂದೈತಿ.”

ಕಣ್ಣಿನ ಕರಿಗುಡ್ಡೆಯ ಮೇಲಿನ ಹೊಳಪಿನ ಪೊರೆ ಒಂದು ಉಬ್ಬುಗನ್ನಡಿ. ಎದುರಿಗಿರುವುದೆಲ್ಲ ಅದರಲ್ಲಿ ಸಾಸಿವೆಯಷ್ಟಾಗಿ ಕೂತಿರುತ್ತದೆ. ಆ ಸಾಸಿವೆಯನ್ನು ಬಿಡಿಸಿ, ಕೆನ್ನೆ ಹಣೆಗಳ ಮೇಲೆ ಬಿದ್ದ ಬೆಳಕು ಎಲ್ಲೆಲ್ಲಿಂದ ಬಂತೆಂದು ಲೆಕ್ಕ ಹಾಕಿ, ಎರಡನ್ನೂ ಕೂಡಿಸಿದರೆ ಎದುರಿನ ಚಿತ್ರ ಸಿಗುತ್ತದೆ. ಇದನ್ನು ಮಾಡಲು ಝರೀನಾಳಿಗೆ ವರ್ಷಗಟ್ಟಲೆ ಬೇಕಾಯಿತು, ಕಸ್ತೂರಿಗೆ ಒಂದು ಗುಂಡಿ ಸಾಕಾಯಿತು.

ವಿರೂಪಾಕ್ಷಪ್ಪ ಪರದೆಯತ್ತ ಬಗ್ಗಿ ನೋಡಿದರು. ಆಮೇಲೆ ಮೆಲ್ಲಗೆ, “ಅಂದ್ರ ನಿಮ್ಮವ್ವ ತೆಗದ ಫೋಟೋದಾಗೂ...” ಎಂದು ಅಲ್ಲಿಗೇ ನಿಲ್ಲಿಸಿದರು.

ಕಸ್ತೂರಿ ಆ ಮಾತನ್ನು ಮನಸ್ಸಿನಲ್ಲಿ ಆಗಲೇ ಮುಗಿಸಿದ್ದಳು. ಇಳಿಸಿಕೊಂಡದ್ದೇ ಅದಕ್ಕಾಗಿ.

ಅವಳ ತಾಯಿ ನೀಲವ್ವ ಆ ಸೀಮೆಗೆಲ್ಲ ಹೆಸರಾದ ಫೋಟೋಗ್ರಾಫರ್. ಆಗಿನ ಕಾಲಕ್ಕೆ ಗಂಡಸಿನ ಎದುರು ಸೆರಗು ಸರಿಸಿ ಮುಖ ತೋರಿಸಲು ಒಪ್ಪದ ಹೆಣ್ಣುಮಕ್ಕಳು ಸ್ಟುಡಿಯೋದ ಬಾಗಿಲಿನಿಂದಲೇ ವಾಪಸು ಹೋಗುತ್ತಿದ್ದರು. ಅದನ್ನು ನೋಡಿ ನೋಡಿ ವಿರೂಪಾಕ್ಷಪ್ಪ ಹೆಂಡತಿಗೆ ಕ್ಯಾಮೆರಾ ಕಲಿಸಿದರು. ಒಂದೇ ವರ್ಷದಲ್ಲಿ ಹೆಂಡತಿ ಗಂಡನನ್ನು ಮೀರಿಸಿದಳು, ಗಂಡ ಖುಷಿಯಿಂದ ಲೈಟು ಹಿಡಿಯುವವನಾದ. ಆದರೆ ಆಕೆಯದೇ ಫೋಟೋ ಅಂತ ಒಂದೂ ಇರಲಿಲ್ಲ. ಮದುವೆಯ ಫೋಟೋ ತೆಗೆಯಲು ಬಂದ ವಿರೂಪಾಕ್ಷಪ್ಪನವರ ಗೆಳೆಯ ಕ್ಯಾಮೆರಾಕ್ಕೆ ರೀಲು ಹಾಕುವುದನ್ನೇ ಮರೆತು ಮೂರು ದಿನ ಫ್ಲ್ಯಾಶ್ ಹೊಡೆದಿದ್ದ. ಆಮೇಲೆ ಗಂಡ ಎಂದಾದರೂ ಕ್ಯಾಮೆರಾ ತಿರುಗಿಸಿದರೆ, “ರೀಲು ದಂಡ ಮಾಡಬ್ಯಾಡ್ರಿ, ಗಿರಾಕಿ ಬರತಾರ,” ಎಂದು ಆಕೆ ಕೈ ಅಡ್ಡ ಹಿಡಿಯುತ್ತಿದ್ದಳು. ಕಸ್ತೂರಿ ಇನ್ನೂ ತೊಟ್ಟಿಲಲ್ಲಿದ್ದಾಗಲೇ ನೀಲವ್ವ ಕಾಮಾಲೆ ಬಂದು ತೀರಿಹೋದಳು. ಮಗಳಿಗೆ ತಾಯಿ ಮುಖ ಹೇಗಿತ್ತೆಂದು ಗೊತ್ತಿರಲಿಲ್ಲ. ಊರಿನ ಅರ್ಧ ಹೆಂಗಸರ ಮುಖಗಳನ್ನು ಜೋಪಾನ ಮಾಡಿಕೊಟ್ಟವಳ ಮುಖ ಮಾತ್ರ ಎಲ್ಲೂ ಇರಲಿಲ್ಲ.

ಈಗ ಅದು ಎಲ್ಲ ಕಡೆಯೂ ಇದೆ ಎಂದು ಗೊತ್ತಾಗಿತ್ತು. ನೀಲವ್ವ ತೆಗೆದ ನೆಗೆಟಿವ್‌ಗಳನ್ನು ವಿರೂಪಾಕ್ಷಪ್ಪ ತಗಡಿನ ಟ್ರಂಕುಗಳಲ್ಲಿ ಗೆದ್ದಲು ತಾಗದಂತೆ ಕಾಪಾಡಿಕೊಂಡು ಬಂದಿದ್ದರು. ಆ ಒಂದೊಂದು ಹೆಂಗಸಿನ ಒಂದೊಂದು ಕಣ್ಣಲ್ಲೂ ನೀಲವ್ವ ನಿಂತಿರಬೇಕು! ಕಸ್ತೂರಿಗೆ ಅಂದು ಊಟ ಸೇರಲಿಲ್ಲ.

*

ಇದರ ನಡುವೆ ಕಸ್ತೂರಿ ಆ ಚಿತ್ರವನ್ನು ಮದುಮಗಳಿಗೆ ತೋರಿಸಿದ್ದರಿಂದ ಊರಿಗೆ ಸುದ್ದಿ ಮುಟ್ಟಿತು. ಅಂಥ ಸುದ್ದಿ ಮುಟ್ಟಿಸಲು ಒಬ್ಬ ಮದುಮಗಳ ಬಳಗ ಸಾಕಲ್ಲ.

ಜನ ಗೋಡೆಯ ಮೇಲಿನ ಫೋಟೋಗಳನ್ನೇ ಕಿತ್ತುಕೊಂಡು ಬಂದರು. ಶಾಲೆಯ ಗ್ರೂಪ್ ಫೋಟೋಕ್ಕೆ ಅಪ್ಪ ಬರಲೇ ಇಲ್ಲ ಎಂದು ನಲವತ್ತು ವರ್ಷ ಸಿಟ್ಟು ಇಟ್ಟುಕೊಂಡಿದ್ದ ಒಬ್ಬಾಕೆ, ಕ್ಯಾಮೆರಾದ ಹಿಂದೆ ಬೇವಿನ ಮರಕ್ಕೆ ಒರಗಿ ನಿಂತಿದ್ದ ಅಪ್ಪನನ್ನು ನೋಡಿ ಸ್ಟುಡಿಯೋದಲ್ಲೇ ಕುಸಿದು ಕೂತಳು. ನೀರು ಕೊಟ್ಟರೆ ಬೇಡವೆಂದು ನಗಲು ಶುರುಮಾಡಿದಳು. ಇನ್ನು ಗಂಡಿನ ಫೋಟೋ ಬಂದರೆ ಹೆಣ್ಣಿನ ಕಡೆಯವರು ಮೊದಲು ಎದುರುನೋಟ ಹಾಕಿಸತೊಡಗಿದರು. ಬೆಂಗಳೂರಿನ ಪಾರ್ಕಿನಲ್ಲಿ ಹಲ್ಲು ಕಿಸಿದು ನಿಂತ ವರನ ಕಣ್ಣಲ್ಲಿ ಆ ಫೋಟೋ ತೆಗೆಯುತ್ತಿದ್ದ ಜಡೆಯ ಹುಡುಗಿ ಕಂಡು ಒಂದು ಸಂಬಂಧ ಮುರಿಯಿತು. ಆ ವರನ ಮನೆಯವರು ಬಂದು ಕಸ್ತೂರಿಯ ಮೇಲೆ ಕೂಗಾಡಿ ಹೋದರು. ಮರುವಾರದಿಂದ ಪೇಟೆಯ ಹುಡುಗರೆಲ್ಲ ಕಪ್ಪು ಕನ್ನಡಕ ಹಾಕಿಕೊಂಡೇ ಫೋಟೋ ತೆಗೆಸಿಕೊಳ್ಳತೊಡಗಿದರು. ಪಾಸ್‌ಪೋರ್ಟ್ ಫೋಟೋಕ್ಕೂ ಒಬ್ಬ ಕನ್ನಡಕ ಹಾಕಿ ಕೂತಾಗ ಕಸ್ತೂರಿ ಎದ್ದುಹೋಗಿ ತಾನೇ ಕಿತ್ತಿಟ್ಟಳು.

ಈ ಗದ್ದಲದಲ್ಲೇ ಅವಳು ಹೊತ್ತು ಹೊಂದಿಸಿಕೊಂಡು ಟ್ರಂಕು ತೆರೆದಳು. ಹಳೆಯ ಸಿನಿಮಾ ನಟಿಯಂತೆ ಮುಖ ಓರೆಮಾಡಿ ಕೂತ ಒಬ್ಬ ನೇಕಾರರ ಹೆಣ್ಣುಮಗಳ ನೆಗೆಟಿವ್ ಆರಿಸಿ ಸ್ಕ್ಯಾನ್ ಮಾಡಿದಳು. ವಿರೂಪಾಕ್ಷಪ್ಪ ಕನ್ನಡಕ ಒರೆಸಿಕೊಂಡು ಪಕ್ಕದ ಸ್ಟೂಲಿನಲ್ಲಿ ಕೂತರು.

ಚುಕ್ಕಿಗಳು ಕುದಿದವು. ಪರದೆಯ ಮೇಲೆ ಬಳೆಯ ಹಾಗೆ ಒಂದು ಬಿಳಿಯ ಉಂಗುರ ಮೂಡಿತು, ಮತ್ತೇನೂ ಇಲ್ಲ. ಇನ್ನೊಂದು ಹಾಕಿದಳು, ಮತ್ತೆ ಉಂಗುರ. ಮತ್ತೊಂದು, ಅದೂ ಉಂಗುರ.

ಕಸ್ತೂರಿ ಹಣೆ ಬಡಿದುಕೊಂಡಳು. ಹಳೆಯ ಫೋಟೋ ದೊಡ್ಡದು ಮಾಡಿಸಲು ಬರುವವರಿಗೆ ಕಣ್ಣು ಸಪ್ಪಗಿದ್ದರೆ ಹಿಡಿಸುವುದಿಲ್ಲ. ಅದಕ್ಕೆಂದು ಅವಳು ಹಿಂದೊಮ್ಮೆ ‘ಕಣ್ಮಿಂಚು’ ಎಂಬ ಇನ್ನೊಂದು ಪ್ಲಗ್-ಇನ್ ಹಾಕಿಕೊಂಡು, ಸ್ಕ್ಯಾನರಿನಿಂದ ಬಂದ ಯಾವ ಮುಖಕ್ಕಾದರೂ ತಾನಾಗಿಯೇ ಕಣ್ಣಿಗೆ ಮಿಂಚು ಹಚ್ಚುವಂತೆ ಕಟ್ಟಿಟ್ಟಿದ್ದಳು. ಅದು ನಿಷ್ಠೆಯಿಂದ ತನ್ನ ಕೆಲಸ ಮಾಡುತ್ತಿತ್ತು. ತಾಯಿ ನಿಂತ ಜಾಗದ ಮೇಲೆಯೇ ಮಗಳು ಸುಣ್ಣ ಬಳಿಯುತ್ತಿದ್ದಳು.

ಅದನ್ನು ಕಿತ್ತು ಹಾಕಿ ಮತ್ತೆ ಸ್ಕ್ಯಾನ್ ಮಾಡಿದಳು. ಈ ಸಲ ಉಂಗುರ ಹೋಯಿತು. ಕೋಣೆ ಮೂಡಿತು, ಹಳೆಯ ಬಾಗಿಲು, ಬಾಗಿಲಿಗೆ ಕಟ್ಟಿದ ಪರದೆ, ಮೂರು ಕಾಲಿನ ಸ್ಟ್ಯಾಂಡು, ಸ್ಟ್ಯಾಂಡಿನ ಹಿಂದೆ ಇಳಕಲ್ ಸೀರೆಯ ನಿರಿಗೆ! “ಅದ ಸೀರಿ! ಅದ ಸೀರಿ!” ಎಂದು ವಿರೂಪಾಕ್ಷಪ್ಪ ಸ್ಟೂಲಿನಿಂದ ಎದ್ದೇಬಿಟ್ಟರು. ಕಸ್ತೂರಿಯ ಕಣ್ಣು ಸೀರೆಯ ಮೇಲಿಂದ ಮೇಲಕ್ಕೆ ಹತ್ತಿತು. ಮುಖವಿರಬೇಕಾದ ಕಡೆ ಒಂದು ಬಿಳಿಯ ಚೆಂಡು ಇತ್ತು.

ಆ ವಾರವೆಲ್ಲ ಅವಳು ಟ್ರಂಕು ಬಗೆದಳು. ಯಾರ ಕಣ್ಣು ತೆರೆದರೂ ಸೀರೆ ಇತ್ತು, ಬಳೆ ಇತ್ತು, ಒಮ್ಮೆ ಮೊಣಕೈ ಕೂಡ ಇತ್ತು. ಮುಖದ ಜಾಗದಲ್ಲಿ ಅದೇ ಬಿಳಿಯ ಚೆಂಡು.

ಆಗ ಅವಳ ಕಣ್ಣಿಗೆ ಬಿದ್ದದ್ದು ಫಿಲ್ಟರಿನ ಮೂಲೆಯಲ್ಲಿದ್ದ ‘ಊಹೆ’ ಎಂಬ ಜಾರುಪಟ್ಟಿ. ಅದು ಸೊನ್ನೆಯಲ್ಲಿತ್ತು. ಕಸ್ತೂರಿ ಅದನ್ನು ಮೆಲ್ಲಗೆ ಬಲಕ್ಕೆ ಎಳೆದಳು. ಚೆಂಡು ಕರಗಿತು. ಇನ್ನಷ್ಟು ಎಳೆದಳು. ಹುಬ್ಬು ಬಂದವು, ಮೂಗು ಬಂತು. ಕೊನೆತನಕ ಎಳೆದಾಗ ದುಂಡು ಮುಖದ, ದೊಡ್ಡ ಕಣ್ಣಿನ, ಶಾಂತವಾಗಿ ನಗುವ ಹೆಣ್ಣೊಬ್ಬಳು ಅವಳನ್ನೇ ನೋಡುತ್ತಿದ್ದಳು. ಕಸ್ತೂರಿ ಗಳಗಳನೆ ಅತ್ತಳು. ಕುರ್ಚಿಯಿಂದ ಎದ್ದು ಪರದೆಗೆ ಕೆನ್ನೆ ಒತ್ತಿದಳು. ಅಂದೇ ಅದನ್ನು ದೊಡ್ಡದಾಗಿ ಅಚ್ಚು ಹಾಕಿ, ಕಟ್ಟು ಹಾಕಿಸಿ, ಒಳಮನೆಯಲ್ಲಿ ಅವಲಕ್ಕಿ ತಿನ್ನುತ್ತ ಕೂತಿದ್ದ ತಂದೆಯ ಮುಂದೆ ಹಿಡಿದಳು.

ವಿರೂಪಾಕ್ಷಪ್ಪ ಕತ್ತು ಹಿಂದೆ ಮಾಡಿ ನೋಡಿದರು, ಮುಂದೆ ಮಾಡಿ ನೋಡಿದರು.

“ಚಲೋ ಅದಾಳ,” ಎಂದರು. “ಯಾರ ಮಗಳಿಕಿ?”

*

“ಊಹೆ ಎಷ್ಟಕ್ಕ ಇಟ್ಟಿದ್ರಿ, ಅಕ್ಕಾರ?” ಫೋನಿನಲ್ಲಿ ಝರೀನಾ ಕೇಳಿದಳು.

“ಪೂರ್ತಿ.”

“ಅಯ್ಯೋ ಪೂರ್ತಿ ಇಟ್ರ ಅದು ನಿಮ್ಮವ್ವ ಅಲ್ರಿ. ಸಾವಿರಾರು ಮಂದಿ ಅವ್ವಂದಿರನ್ನ ಕೂಡಿಸಿ ಭಾಗಿಸಿದ್ದು. ಕಣ್ಣಾಗ ಇಲ್ಲದ್ದನ್ನ ಫಿಲ್ಟರ್ ತನಗ ಗೊತ್ತಿದ್ದದ್ರಿಂದ ತುಂಬತೈತ್ರಿ. ಅದಕ್ಕ ನಾ ಸೊನ್ನೆಗೆ ಇಟ್ಟು ಕಳಿಸಿದ್ದು.”

“ಹಂಗಾರ ಆ ಪಟ್ಟಿ ಯಾಕ ಇಟ್ಟೀರಿ? ಮಂದಿ ಕರುಳು ಹಿಂಡಾಕ?” ಕಸ್ತೂರಿಗೆ ಎಲ್ಲಿಲ್ಲದ ಸಿಟ್ಟು ಬಂದಿತ್ತು.

ಝರೀನಾ ತಪ್ಪು ಒಪ್ಪಿಕೊಂಡಳು. ಬಾಗಿಲು ಕಿಟಕಿಯಂಥ ಸಣ್ಣ ತೂತು ಮುಚ್ಚಲಿ ಎಂದು ಇಟ್ಟದ್ದು, ಮುಖಕ್ಕೆ ಯಾರಾದರೂ ಬಳಸಬಹುದು ಎಂದು ತಾನು ಯೋಚಿಸಬೇಕಿತ್ತು ಎಂದಳು. ಸ್ಕ್ಯಾನುಗಳನ್ನು ಕಳಿಸಿ, ನಮ್ಮ ದೊಡ್ಡ ಪರದೆಯ ಮೇಲೆ ಹಾಕಿ ನೋಡುತ್ತೇನೆ ಎಂದಳು. ಸಂಜೆಯೊಳಗೆ ಆಕೆಯ ಫೋನು ಬಂತು.

“ಅಕ್ಕಾರ, ಆ ಬಿಳಿ ಚೆಂಡು ಬೆಳಕಿಂದಲ್ರಿ. ನೆಗೆಟಿವ್ ಮ್ಯಾಲೆ ಯಾರೋ ಪೆನ್ಸಿಲ್‌ಲೆ ಚುಕ್ಕಿ ಇಟ್ಟಾರ. ಗೀರು ಸೈತ ಕಾಣತಾವು. ಪ್ರತಿ ಕಣ್ಣಿಗೂ ಇಟ್ಟಾರ.”

ಸ್ಪೀಕರಿನಲ್ಲಿ ಕೇಳುತ್ತಿದ್ದ ವಿರೂಪಾಕ್ಷಪ್ಪ ನಿಟ್ಟುಸಿರು ಬಿಟ್ಟರು.

“ಯಾರೋ ಅಲ್ಲವಾ. ಆಕೀನ. ನೀಲವ್ವ ಕಣ್ಣಿಗೆ ಜೀವ ಕೊಡತಾಳ ಅಂತ ರೋಣದಿಂದ, ಕುಷ್ಟಗಿಯಿಂದ ಮಂದಿ ಬರತಿದ್ರು. ಬಿಸಲಾಗ ಕಿಟಕಿ ಮುಂದ ಕೂತು, ಪೆನ್ಸಿಲ್ ಮೊನಿ ಸೂಜಿ ಹಂಗ ಮಾಡಿಕೊಂಡು, ಉಸಿರು ಹಿಡದು ಒಂದ ಚುಕ್ಕಿ. ನೆಗೆಟಿವ್ ಮ್ಯಾಲೆ ಕರೇದು ಇಟ್ರ ಫೋಟೋದಾಗ ಬೆಳ್ಳಗ ಹೊಳೀತಿತ್ತು.”

ಕಣ್ಣಿನ ನಡುಮಧ್ಯೆ ಕಾಣುವುದು ಎದುರಿಗೆ ನಿಂತವರ ಮುಖ. ನೀಲವ್ವ ಚುಕ್ಕಿ ಇಡುತ್ತಿದ್ದದ್ದೂ ಅಲ್ಲಿಯೇ. ಯಾವ ಕೈಚಳಕಕ್ಕೆ ಊರೆಲ್ಲ ಆಕೆಯನ್ನು ಹೊಗಳಿತೋ ಅದರಿಂದಲೇ ಆಕೆ ತನ್ನನ್ನು ಒಂದೊಂದು ಕಣ್ಣಿನಿಂದಲೂ ಅಳಿಸಿಕೊಂಡು ಹೋಗಿದ್ದಳು. ಕಸ್ತೂರಿಗೆ ತಾಯಿಯ ಮೇಲೆ ಮೊದಲ ಸಲ ಸಿಟ್ಟು ಬಂತು. ಮುಖವೇ ಗೊತ್ತಿಲ್ಲದವರ ಮೇಲೆ ಸಿಟ್ಟಾಗುವುದು ಬಹಳ ಕಷ್ಟ ಎಂದೂ ಗೊತ್ತಾಯಿತು.

“ಅಜ್ಜಾರ, ಚುಕ್ಕಿ ಇಡದ ಬಿಟ್ಟದ್ದು ಒಂದರ ಇರಬೇಕಲ್ರಿ?” ಝರೀನಾ ಬಿಡಲಿಲ್ಲ. “ಕೆಟ್ಟದ್ದು, ಗಿರಾಕಿ ಬ್ಯಾಡ ಅಂದದ್ದು, ಏನರ?”

“ಇಲ್ಲವಾ. ಕೆಟ್ಟದ್ದಕ್ಕೂ ಇಡತಿದ್ಲು. ಕಣ್ಣು ಸಪ್ಪಗಿದ್ರ ಆಕಿಗೆ ಊಟ ಸೇರತಿರಲಿಲ್ಲ. ಮಕ್ಕಳಿಗೆ ಇಟ್ಲು, ಮುದುಕರಿಗೆ ಇಟ್ಲು, ಸತ್ತವರನ್ನ ಕೂಡಿಸಿ ತೆಗಿಸಿದ್ರ ಅವರಿಗೂ ಇಟ್ಲು. ಆಕಿ ಕಣ್ಣು ತಿದ್ದದ ಬಿಟ್ಟದ್ದು ಅಂದ್ರ...” ಎಂದು ಅವರು ತಲೆ ಕೆರೆದುಕೊಂಡರು. ಇದ್ದಕ್ಕಿದ್ದಂತೆ ಅವರ ಮುಖ ಅರಳಿತು. “ಎಮ್ಮಿ!”

“ಏನ್ರಿ?”

“ಎಮ್ಮಿ ಕಣ್ಣು ಯಾರು ತಿದ್ದತಾರವಾ?”

ಎಮ್ಮೆಯ ವಿಮೆಗೆ ಆಗೆಲ್ಲ ಫೋಟೋ ಬೇಕಿತ್ತು. ಮಾಲಕ ಪಕ್ಕಕ್ಕೆ ನಿಂತಿರಬೇಕು, ಎಮ್ಮೆಯ ಕಿವಿಗೆ ಹೊಡೆದ ಬಿಲ್ಲೆಯ ಮೇಲಿನ ನಂಬರು ಸ್ಪಷ್ಟ ಕಾಣಬೇಕು, ಫೋಟೋವನ್ನು ತಿದ್ದಕೂಡದು. ದೂರದಿಂದ ತೆಗೆದರೆ ನಂಬರು ಕಾಣದು, ಹಾಗಾಗಿ ನೀಲವ್ವ ಎಮ್ಮೆಯ ಮೋರೆಗೆ ಮೋರೆ ಕೊಟ್ಟು ಕ್ಯಾಮೆರಾ ಇಡುತ್ತಿದ್ದಳು. ಅದನ್ನೆಲ್ಲ ವಿರೂಪಾಕ್ಷಪ್ಪ ಕೈ ಆಡಿಸಿ ಆಡಿಸಿ ವಿವರಿಸಿದರು. ಆ ಕಡೆಯಿಂದ ಝರೀನಾಳ ಕಿರುಚಾಟ ಕೇಳಿತು.

“ಅಜ್ಜಾರ! ಎಮ್ಮಿ ಕಣ್ಣು ಎಷ್ಟು ದೊಡ್ಡದು ಗೊತ್ತೇನ್ರಿ! ಕ್ಯಾಮೆರಾದ ಹತ್ರ ಬ್ಯಾರೆ! ಮನಿಶಾರ ಕಣ್ಣಾಗ ಸಾಸಿವಿ ಇದ್ರ ಎಮ್ಮಿ ಕಣ್ಣಾಗ ಕಡ್ಲಿಕಾಳು ಇರತೈತ್ರಿ! ನಾಳೆ ಮುಂಜಾನೆ ಬಸ್ ಹತ್ತರಿ!”

*

ಮರುದಿನ ತಂದೆ ಮಗಳು ಧಾರವಾಡದ ಬಸ್ಸಿನಲ್ಲಿದ್ದರು. ಟ್ರಂಕಿನ ತಳದಲ್ಲಿ ಸಿಕ್ಕಿದ್ದ ಎಮ್ಮೆಯ ನೆಗೆಟಿವ್‌ಗಳ ಲಕೋಟೆ ವಿರೂಪಾಕ್ಷಪ್ಪನವರ ತೊಡೆಯ ಮೇಲೆ. ಕಂಡಕ್ಟರು ಚೀಲ ಮೇಲಿಡಿ ಎಂದಾಗ ಅವರು ಅವನನ್ನು ನೋಡಿದ ರೀತಿಗೆ ಅವನು ಮುಂದಿನ ಸೀಟಿನವರ ಟಿಕೆಟ್ಟಿಗೆ ಹೋದ. ಅವುಗಳಲ್ಲಿ ಬಹಳಷ್ಟಕ್ಕೆ ಬೂಷ್ಟು ಹಿಡಿದಿತ್ತು. ಒಬ್ಬನೇ ಮಾಲಕನ ಒಂದೇ ಎಮ್ಮೆಯನ್ನು ಒಂದೇ ಮುಂಜಾನೆ ತೆಗೆದ ಮೂರು ಮಾತ್ರ ಚೊಕ್ಕಟವಾಗಿದ್ದವು.

ಕಸ್ತೂರಿ ಅಂದುಕೊಂಡಿದ್ದ ವಿಜ್ಞಾನಿಯ ಹಾಗೆ ಝರೀನಾ ಇರಲಿಲ್ಲ. ಗಿಡ್ಡ ಆಳು, ತೋಳು ಮಡಿಚಿದ ಕುರ್ತಾ, ಮಾತಿಗಿಂತ ಮೊದಲು ನಗು. ಪ್ರಯೋಗಾಲಯದ ದೊಡ್ಡ ಸ್ಕ್ಯಾನರಿನಲ್ಲಿ ನೆಗೆಟಿವ್ ಇಟ್ಟು ಎಮ್ಮೆಯ ಕಣ್ಣನ್ನು ಗೋಡೆಯಷ್ಟಗಲ ಮಾಡಿದಳು. ಆ ಕಪ್ಪು ಗೋಳದಲ್ಲಿ ಬೆಳಕಿನ ತುಂಡುಗಳು ಬಾಗಿ ಬಳುಕಿ ಕೂತಿದ್ದವು. ಫಿಲ್ಟರ್ ಒತ್ತಿದರೆ ಚಿತ್ರವೆಲ್ಲ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡು ಬಂತು.

“ಮನಿಶಾರ ಕಣ್ಣಿನ ಉಬ್ಬು ಎಷ್ಟಂತ ಫಿಲ್ಟರಿಗೆ ಗೊತ್ತೈತ್ರಿ, ಎಮ್ಮಿದು ಗೊತ್ತಿಲ್ಲ,” ಎಂದಳು ಝರೀನಾ. “ಕಲಿಸಬೇಕು. ನಡ್ರಿ, ಗೌಳಿ ಗಲ್ಲಿಗೆ ಹೋಗೂಣು.”

ಗೌಳಿ ಗಲ್ಲಿಯಲ್ಲಿ ಎಮ್ಮೆಗಳಿಗೇನು ಕೊರತೆ. ತುಳಸಾಬಾಯಿ ಎಂಬಾಕೆ ಹಾಲು ಹಿಂಡಿ ಆಗಷ್ಟೇ ಎದ್ದಿದ್ದಳು. ಚೌಕುಳಿ ಹಾಳೆ, ಟೇಪು, ಕ್ಯಾಮೆರಾ ಹಿಡಿದು ಬಂದ ಮೂವರನ್ನು ಮೇಲಿಂದ ಕೆಳತನಕ ನೋಡಿದಳು.

“ಎಮ್ಮಿಗೆ ಚಸ್ಮಾ ಹಾಕಾವ್ರೇನ್ರಿ?”

“ಇಲ್ಲಬೇ, ಕಣ್ಣು ಅಳತಿ ಮಾಡಾವ್ರು,” ಎಂದಳು ಝರೀನಾ.

“ಮತ್ತ ಅದ ಆತಲ್ಲ!”

ಚೌಕುಳಿ ಹಾಳೆಯನ್ನು ಎಮ್ಮೆಯ ಮುಂದೆ ಹಿಡಿದು ಕಣ್ಣಲ್ಲಿ ಆ ಚೌಕಗಳು ಎಷ್ಟು ಬಾಗುತ್ತವೆ ಎಂದು ತೆಗೆದುಕೊಳ್ಳಬೇಕಿತ್ತು. ಕಸ್ತೂರಿ ಕ್ಯಾಮೆರಾ ಹಿಡಿದಳು. ಹಾಳೆ ಹಿಡಿಯುವ ಕೆಲಸ ವಿರೂಪಾಕ್ಷಪ್ಪನವರಿಗೆ ಬಂತು. ಎಮ್ಮೆ ಮೊದಲನೆಯ ಹಾಳೆಯನ್ನು ಮೂಸಿ ನೋಡಿ ತಿಂದುಬಿಟ್ಟಿತು. ಎರಡನೆಯದರ ಒಂದು ಮೂಲೆ ಹೋಯಿತು. ಅಷ್ಟರಲ್ಲಿ ಗಲ್ಲಿಯ ಜನವೆಲ್ಲ ಸೇರಿ ಒಬ್ಬೊಬ್ಬರು ಒಂದೊಂದು ಬುದ್ಧಿ ಹೇಳತೊಡಗಿದ್ದರು. ತುಳಸಾಬಾಯಿ ಎಮ್ಮೆಯ ಕತ್ತಿನ ಕೆಳಗಿನ ಗಂಗೆದೊಗಲು ತುರಿಸುತ್ತ, “ನಿಂದ್ರವಾ, ನಿಂದ್ರು, ನಿನ್ನ ಫೋಟೋ ಪೇಪರಿನ್ಯಾಗ ಬರತೈತಿ,” ಎಂದು ಆಸೆ ಹಚ್ಚಿದ ಮೇಲೆ ಅದು ಗಂಭೀರವಾಗಿ ನಿಂತಿತು. ಕಸ್ತೂರಿ ಪಟಪಟನೆ ತೆಗೆದಳು.

ಪ್ರಯೋಗಾಲಯಕ್ಕೆ ಮರಳುವಾಗ ಮೂವರ ಮೈಯೂ ಸಗಣಿ ವಾಸನೆ. ಝರೀನಾ ಲೆಕ್ಕ ಹಚ್ಚಿದಳು. ಫಿಲ್ಟರು ಎಮ್ಮೆಯ ಕಣ್ಣನ್ನು ಕಲಿತುಕೊಂಡಿತು.

ಮೊದಲ ನೆಗೆಟಿವ್. ಚುಕ್ಕಿಗಳು ಕುದಿದು ತಣ್ಣಗಾದವು. ಒಂದು ಹಿತ್ತಿಲು, ಕಟ್ಟಿಗೆಯ ಒಟ್ಟಲು, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಪೆಟ್ಟಿಗೆ ಕ್ಯಾಮೆರಾ. ಅದರ ಹಿಂದೆ ಕರಿಬಟ್ಟೆ ಮುಸುಕು ಹಾಕಿಕೊಂಡು ಬಗ್ಗಿದ ಒಂದು ಬೆನ್ನು. ಬಿಳಿಯ ಚೆಂಡು ಇರಲಿಲ್ಲ, ಆದರೆ ಮುಖ ಮುಸುಕಿನ ಒಳಗಿತ್ತು.

“ಮುಂದಿಂದು ಹಾಕ್ರಿ,” ಎಂದಳು ಕಸ್ತೂರಿ.

ಎರಡನೆಯದರಲ್ಲಿ ಎಮ್ಮೆ ಕತ್ತು ಎತ್ತಿಬಿಟ್ಟಿತ್ತು. ಬರೀ ಆಕಾಶ ಬಂತು.

ಉಳಿದದ್ದು ಒಂದೇ. ಅದು ಕೆಟ್ಟ ನೆಗೆಟಿವ್. ಎಮ್ಮೆ ನೆಟ್ಟಗೆ ನೋಡುತ್ತಿತ್ತು, ಆದರೆ ಮಾಲಕ ಬೇರೆಲ್ಲೋ ತಿರುಗಿ ನಗುತ್ತಿದ್ದ. ಅದರ ಪ್ರಿಂಟನ್ನು ನೀಲವ್ವ ಹಾಕಿರಲೇ ಇಲ್ಲ. ಝರೀನಾ ಬೆರಳು ಗುಂಡಿಯ ಮೇಲಿಟ್ಟು ಕಸ್ತೂರಿಯ ಮುಖ ನೋಡಿದಳು. ಕಸ್ತೂರಿ ಆ ಬೆರಳಿನ ಮೇಲೆ ತನ್ನ ಬೆರಳಿಟ್ಟು ತಾನೇ ಒತ್ತಿದಳು.

ಚುಕ್ಕಿಗಳು ಈ ಸಲ ಬಹಳ ಹೊತ್ತು ಕುದಿದವು. ಹಿತ್ತಿಲು ಬಂತು. ಕಟ್ಟಿಗೆಯ ಒಟ್ಟಲು ಬಂತು. ಸ್ಟ್ಯಾಂಡು ಬಂತು. ಕರಿಬಟ್ಟೆ ಸ್ಟ್ಯಾಂಡಿನ ಮೇಲೆ ಖಾಲಿ ಜೋತುಬಿದ್ದಿತ್ತು. ಅದರ ಪಕ್ಕದಲ್ಲಿ, ತುಂಬು ಬಿಸಿಲಿನಲ್ಲಿ, ಒಬ್ಬ ಹೆಂಗಸು ನಿಂತಿದ್ದಳು. ತೆಳ್ಳಗೆ, ಎತ್ತರ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಒಂದು ಕೈಯಲ್ಲಿ ಫೋಟೋ ತೆಗೆಯಲು ಒತ್ತುವ, ಕ್ಯಾಮೆರಾದ ತಂತಿಯ ಗುಂಡಿ. ಇನ್ನೊಂದು ಕೈ ಮೇಲೆತ್ತಿ ಪಕ್ಕಕ್ಕೆ ತೋರಿಸುತ್ತಿದ್ದಾಳೆ. ಉದ್ದ ಮುಖ, ಮುಂದೆ ಬಂದ ಗದ್ದ, ಹುಬ್ಬು ಗಂಟು ಹಾಕಿದೆ, ಬಾಯಿ ಪೂರ್ತಿ ತೆರೆದಿದೆ.

ಊಹೆಯ ಪಟ್ಟಿ ಸೊನ್ನೆಯಲ್ಲಿಯೇ ಇತ್ತು.

ಕಸ್ತೂರಿ ಪರದೆಯತ್ತ ನೋಡಲಿಲ್ಲ, ತಂದೆಯತ್ತ ನೋಡಿದಳು. ಮತ್ತೆ ಯಾರ ಮಗಳು ಎಂದು ಕೇಳಿಬಿಟ್ಟರೆ ಎಂಬ ಭಯ ಅವಳಿಗೆ.

ವಿರೂಪಾಕ್ಷಪ್ಪ ಏನೂ ಕೇಳಲಿಲ್ಲ. ಅವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ನಗುತ್ತಿತ್ತು.

“ಬೈಯಾಕತ್ತಾಳ ನೋಡು,” ಎಂದರು.

“ಯಾರಿಗಪ?”

“ಮತ್ಯಾರಿಗೆ? ನನಗ! ಕರೇ ಎಮ್ಮಿ, ಬೆಳಕು ಬೀಳಂಗಿಲ್ಲ ಅಂತ ನನ್ನ ಕೈಯಾಗ ಬಿಳೇ ಧೋತರ ಕೊಟ್ಟು ನಿಂದರಿಸಿದ್ಲು, ಬಿಸಲು ಎಮ್ಮಿ ಮ್ಯಾಲೆ ಹೊಡೀಲಿ ಅಂತ. ಗಾಳಿ ಬಂತು, ಧೋತರ ಹಾರಿ ನನ್ನ ತಲಿಗೆ ಸುತ್ತಿಕೊಂತು. ಆ ಎಮ್ಮಿ ಮಾಲಕ ನಕ್ಕ. ಈಕಿ ಬೈಯೂ ಭರದಾಗ ಕೈಯಾಗಿನ ಗುಂಡಿ ಒತ್ತಿಬಿಟ್ಲು. ಒಂದು ಫಿಲಂ ದಂಡ ಆತು ಅಂತ ಮತ್ತ ಅದಕ್ಕೂ ನನಗ ಬೈದ್ಲು.” ಅವರು ಪರದೆಯ ಹತ್ತಿರ ಹೋದರು. ಬಲು ಸಲುಗೆಯಿಂದ, ಸ್ವಲ್ಪ ಅಳುಕಿನಿಂದ ಹೇಳಿದರು, “ಗಾಳಿ ಬಂದ್ರ ನಾ ಏನ ಮಾಡ್ಲೆ, ನೀಲಾ?”

ಕಸ್ತೂರಿ ಈಗ ತಿರುಗಿ ನೋಡಿದಳು. ಆ ಗದ್ದ ಅವಳು ದಿನಾ ಕನ್ನಡಿಯಲ್ಲಿ ನೋಡುತ್ತಿದ್ದ, ಎಂದೂ ಹಿಡಿಸದ, ಯಾರಿಂದ ಬಂತೋ ಎಂದು ಬೇಸರಪಟ್ಟುಕೊಂಡಿದ್ದ ಗದ್ದ. ಅದನ್ನು ಮುಟ್ಟಿ ನೋಡಿಕೊಂಡಳು. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದು, ಯಾವುದನ್ನು ತಡೆಯಬೇಕೆಂದು ತಿಳಿಯದೆ ಎರಡನ್ನೂ ಬಿಟ್ಟುಬಿಟ್ಟಳು.

ಝರೀನಾ ಕಣ್ಣು ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು. ಮೂಗು ಕಣ್ಣು ಎಲ್ಲ ನಿಜದವೇ ಸಿಕ್ಕಿವೆ, ಗೋಡೆಗೆ ಹಾಕುವ ಫೋಟೋ ಅಲ್ಲವೇ, ಬಾಯಿಗಷ್ಟೇ ಒಂದು ಚೂರು ಊಹೆ ಸೇರಿಸಬಹುದು ಎಂದಳು.

“ಬಾಯಿ ಮುಚ್ಚಿ ಸಣ್ಣಗ ನಗೂ ಹಂಗ ಮಾಡಲ್ರಿ, ಅಕ್ಕಾರ?”

ಕಸ್ತೂರಿ ಆಕೆಯ ಕೈ ಹಿಡಿದುಕೊಂಡಳು.

“ಬ್ಯಾಡವಾ. ಇಷ್ಟು ವರ್ಷ ಸುಮ್ಮನಿದ್ದಾಳ. ಬೈಲಿ ಬಿಡು.”